ತುಪ್ಪನೋ, ಪ್ಲೇಟೋ? ಹಳೇ ಸಂಗೀತದ ಕಥೆಗೂ ವೋಚರ್ ಕೇಳ್ರಿ

ಭಾಗ 1

ದೋಸ್ತರ, ಈ ವಾರ ನಮ್ಮ ಕ್ಲಾಸಿನ ಅರ್ಧ ಮಂದಿ ಸ್ಟೋರಿಯೊಳಗ ಒಂದ ರೀಲ್ ಹಾಕ್ಯಾರ. ಭೀಮಸೇನ ಜೋಶಿ ಸಣ್ಣವರಿದ್ದಾಗ ಊಟಕ್ಕ ಕೂತಿದ್ದರಂತ, ಅವ್ವ ಇನ್ನೊಂದು ಚಮಚ ತುಪ್ಪ ಹಾಕಲಿಲ್ಲಂತ, ಸಿಟ್ಟಿಗೆದ್ದು ತಾಟು ಬಿಟ್ಟು ಎದ್ದು ಮನಿ ಬಿಟ್ಟು ಹೋದರಂತ. ಹಿಂದ ಕೊಳಲು, ಮುಂದ ದಪ್ಪ ಅಕ್ಷರ, 30 ಸೆಕೆಂಡಿನ್ಯಾಗ ಕಥಿ ಮುಗೀತು. ಕಡೀಗೆ ಭಾರತ ರತ್ನದ ಫೋಟೋ.

ಕಥಿ ಚೊಲೋ ಐತಿ. ನಾನೂ ಲೈಕ್ ಒತ್ತೀನಿ. ಆದ್ರ ಇದೇ ಮನಿ ಬಿಟ್ಟ ಕಥಿಗೆ ಹಳೇ ಕೇಳುಗರು ಇನ್ನೊಂದು ಕಾರಣ ಹೇಳ್ತಾರ, ಅದು ರೀಲಿನ್ಯಾಗ ಇಲ್ಲ. ಒಂದು ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಗ್ರಾಮೊಫೋನ್ ರೆಕಾರ್ಡ್ ಹಚ್ಚಿದ್ದರು. ಹುಡುಗ ಅದನ್ನು ಕೇಳಿ ನಿಂತಲ್ಲೇ ನಿಂತ. ನಾನೂ ಹಿಂಗ ಹಾಡಬೇಕು, ಕಲಸೋ ಗುರು ಬೇಕು ಅಂತ ಹುಚ್ಚು ಹಿಡೀತು. 1933ನೇ ಇಸವಿ, ಹುಡುಗನ ವಯಸ್ಸು 11. ಗುರುವನ್ನು ಹುಡುಕಿಕೊಂಡು ಉತ್ತರ ಭಾರತವನ್ನೆಲ್ಲ ಅಲೆದು, ಕಡೀಗೆ ಸಿಕ್ಕ ಗುರು ಎಲ್ಲಿಯವರು? ನಮ್ಮ ಹುಬ್ಬಳ್ಳಿ ಬಾಜೂಕಿನ ಕುಂದಗೋಳದ ಸವಾಯಿ ಗಂಧರ್ವರು. ಅವರು ಯಾರ ಶಿಷ್ಯರು? ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ತುಪ್ಪದ ಕಥಿಗಿಂತ ಇದು ಎಷ್ಟು ದೊಡ್ಡದು ನೋಡ್ರಿ.

(ನಮ್ಮ ಕಡೆ ಹಿರೇರು ಗ್ರಾಮೊಫೋನ್ ರೆಕಾರ್ಡಿಗೆ ಪ್ಲೇಟು ಅಂತಾರ. ನಾನೂ ಹಂಗ ಅಂತೀನಿ. ಊಟದ ಪ್ಲೇಟ್ ಅಂತ ತಿಳಕೋಬ್ಯಾಡ್ರಿ, ತುಪ್ಪದ ಮಾತು ಬ್ಯಾರೆ ಬಂದೈತಿ.)

ಈ ಎರಡು ಕಾರಣ ಒಂದಕ್ಕೊಂದು ಜಗಳಾಡೋದಿಲ್ಲ. ತುಪ್ಪ ಆ ದಿನದ ನೆಪ ಇರಬಹುದು, ಪ್ಲೇಟು ಒಳಗ ಕುದೀತಿದ್ದ ಕಾರಣ ಇರಬಹುದು. ಆದ್ರ ಪ್ಲೇಟಿನ ಕಥಿಗೆ ಒಂದು ಸೌಲಭ್ಯ ಐತಿ, ಅದು ತುಪ್ಪಕ್ಕ ಇಲ್ಲ. ಚಮಚದ ಮ್ಯಾಲ ನಂಬರ್ ಇರೋದಿಲ್ಲ, ಪ್ಲೇಟಿನ ಮ್ಯಾಲ ಇರ್ತೈತಿ. ಖಾನ್ ಸಾಹೇಬರ ಪ್ಲೇಟುಗಳು ಎಲ್ಲಾ ಒಂದ ಸಲಕ್ಕ ಬಂದವಲ್ಲ. 20ನೇ ಶತಮಾನದ ಶುರುವಿನಲ್ಲಿ ಕೆಲವು ಬಂದವು, 1930ರ ದಶಕದಲ್ಲಿ ಮತ್ತ ಕೆಲವು ಬಂದವು. ಹಂಗಾದ್ರ ಆ ಹುಡುಗ ಕೇಳಿದ ಝಿಂಝೋಟಿ ಯಾವ ಕಂಪನಿದು, ಯಾವ ವರ್ಷ ಅಂಗಡಿಗೆ ಬಂತು? ಪ್ಲೇಟಿನ ವರ್ಷ 1933ಕ್ಕಿಂತ ಮೊದಲಿಂದಾದ್ರ ಕಥಿ ಗಟ್ಟಿ. ಆಮ್ಯಾಲಿಂದಾದ್ರ, ಹುಡುಗ ಕೇಳಿದ್ದು ಬ್ಯಾರೆ ಪ್ಲೇಟು ಇರಬೇಕು, ಅದು ಯಾವುದು ಅಂತ ಹುಡುಕೋ ಮಜಾ ಶುರು.

ಇದನ್ನ ಒಂದು ದೊಡ್ಡ ಪೇಜಿನ ಕಾಮೆಂಟಿನ್ಯಾಗ ಕೇಳಿದೆ. ಹೆಸರು ಬ್ಯಾಡ. ಕಾಮೆಂಟ್ ಅಳಿಸಿಬಿಟ್ಟರು. ಆಮ್ಯಾಲ ಮೆಸೇಜ್ ಬಂತು: ಇಂಥಾ ಮಹಾನುಭಾವರ ಬಗ್ಗೆ ಹಿಂಗೆಲ್ಲ ಕೇಳಬಾರದು, ಸಂಸ್ಕಾರ ಬೇಕು ಅಂತ.

ಸಂಸ್ಕಾರ ಐತಿ ಅಂತನ ಕೇಳಿದ್ದು. ಈ ಸರಣಿ ಅದರ ಬಗ್ಗೆನ.

ಭಾಗ 2

ನಾವು ಬಿಕಾಂ ಮಂದಿ. ಆಡಿಟಿಂಗ್ ಪಾಠದಾಗ ವೌಚಿಂಗ್ ಅಂತ ಬರ್ತೈತಿ. ಲೆಕ್ಕದ ಪುಸ್ತಕದಾಗ 5,000 ರೂಪಾಯಿ ಖರ್ಚು ಬರದೀರಿ, ಸರಿ, ಬಿಲ್ ಎಲ್ಲೆ? ಬಿಲ್ ಕೇಳಿದ ಕೂಡಲೇ ಆಡಿಟರ್ ಮಾಲಕನ್ನ ಕಳ್ಳ ಅಂದಂಗ ಆಗೋದಿಲ್ಲ. ಕೇಳೋದು ಅವನ ಕೆಲಸ, ತೋರಸೋದು ಇವರ ಕೆಲಸ, ಮುಗದ ಮ್ಯಾಲ ಇಬ್ಬರೂ ಕೂಡಿ ಚಹಾ ಕುಡೀತಾರ.

ಇನ್ನೊಂದು ಪಾಠ ನೆನಪು ಮಾಡ್ಕೋರಿ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರ ವ್ಯತ್ಯಾಸದ ರೊಕ್ಕ ಎಲ್ಲಿ ಹೋಗ್ತೈತಿ? ಸಸ್ಪೆನ್ಸ್ ಅಕೌಂಟಿಗೆ. ಅದನ್ನ ಹರದು ಒಗಿಯೋದಿಲ್ಲ, ಲಾಭ ಅಂತಾನೂ ತೋರಸೋದಿಲ್ಲ. ಕಾರಣ ಸಿಕ್ಕ ದಿನ ಅಲ್ಲಿಂದ ಎತ್ತಿ ಸರಿಯಾದ ಖಾತೆಗೆ ಹಾಕ್ತೀವಿ. ವಾಗ್ಗೇಯಕಾರರ ಬಗ್ಗೆ, ಹಳೇ ಗಾಯಕರ ಬಗ್ಗೆ ನಾವು ಕೇಳೋ ಕಥೆಗಳಿಗೆ ನಾನು ಹೇಳೋದು ಇಷ್ಟ. ಇವನ್ನ ಸಸ್ಪೆನ್ಸ್ ಅಕೌಂಟಿನ್ಯಾಗ ಇಡ್ರಿ. ಸುಳ್ಳು ಅಂತ ಒಗೀಬ್ಯಾಡ್ರಿ, ಇತಿಹಾಸ ಅಂತ ಫಾರ್ವರ್ಡ್ ಮಾಡಬ್ಯಾಡ್ರಿ.

ಉದಾಹರಣೆಗೆ ಪುರಂದರದಾಸರು. ಅವರು 4,75,000 ಪದ ರಚಿಸಿದರು ಅಂತ ಸಂಪ್ರದಾಯದ ಲೆಕ್ಕ. ಸಂಗೀತದ ಪರೀಕ್ಷೆಗೆ ಕೂತವರೆಲ್ಲ ಇದನ್ನ ಬಾಯಿಪಾಠ ಮಾಡ್ಯಾರ. ಕ್ಯಾಲ್ಕ್ಯುಲೇಟರ್ ತಗೀರಿ. ಅವರ ಕಾಲ 1484ರಿಂದ 1564 ಅಂತ ಹೇಳ್ತಾರೆ. ಅಂದ್ರ 80 ವರ್ಷ. ನವಕೋಟಿ ನಾರಾಯಣ ಅನ್ನಿಸಿಕೊಂಡು ವ್ಯಾಪಾರದಾಗ ಅರ್ಧ ಆಯುಷ್ಯ ಹೋತು, ದಾಸರಾಗಿ 40 ವರ್ಷ ಅಂತ ಹಿಡೀರಿ. 14,600 ದಿನ. ದಿನಕ್ಕ 32ಕ್ಕಿಂತ ಜಾಸ್ತಿ ಪದ, ಅಮಾವಾಸ್ಯೆ, ಏಕಾದಶಿ, ಜ್ವರ, ಪ್ರವಾಸ ಯಾವುದಕ್ಕೂ ರಜೆ ಇಲ್ಲದ. ಇವತ್ತು ನಮಗೆ ಸಿಗುವುದು ಸಾವಿರದ ಆಸುಪಾಸು.

ಇದನ್ನ ಹೇಳಿದ್ರ ಮನ್ಯಾಗ ಅಜ್ಜಿಗೆ ಸಿಟ್ಟು ಬರ್ತೈತಿ. ಬರಲಿ. ಆದ್ರ ಆ ಅಂಕಿ ಒಂದು ಖರೇ ಸಂಗತಿ ಹೇಳ್ತೈತಿ, ಜನ ಅವರನ್ನ ಎಷ್ಟು ದೊಡ್ಡವರು ಅಂತ ಕಂಡರು ಅನ್ನೋದನ್ನ. ಅದು ಭಕ್ತಿಯ ಅಂಕಿ. ಅದನ್ನ ಸ್ಟಾಕ್ ರಿಜಿಸ್ಟರಿನ ಅಂಕಿ ಅಂತ ಓದಬ್ಯಾಡ್ರಿ, ಅಷ್ಟ. ಹಾಡು 1,000 ಇದ್ರೂ ದಾಸರು ದಾಸರ. ಸರಳಿ, ಜಂಟಿ ಕಲಿಸೋ ಪ್ರತಿ ಮನಿಯೊಳಗ ಇವತ್ತಿಗೂ ಅವರ ಹೆಸರಿನಿಂದನ ಪಾಠ ಶುರು ಆಗ್ತೈತಿ.

ಧಾಟಿ ವಿಷಯಕ್ಕ ಬಂದ್ರ ಗೊಂದಲ ಇನ್ನೂ ಹೆಚ್ಚು. ಶುಕ್ರವಾರ ಲಕ್ಷ್ಮೀ ಪೂಜೆಗೆ ಎಲ್ಲಾರ ಮನ್ಯಾಗ ಹಚ್ಚೋ ದಾಸರ ಪದ ಗೊತ್ತಲ್ಲ, ಅದನ್ನ ಭೀಮಸೇನರು ಹಾಡಿದ್ದು ಒಂದು ಧಾಟಿ, ಬೆಂಗಳೂರು ಮೈಸೂರು ಕಡೆ ಕಚೇರಿಯೊಳಗ ಹಾಡೋದು ಇನ್ನೊಂದು. ಎರಡೂ 16ನೇ ಶತಮಾನದಿಂದ ಹಂಗೇ ಬಂದಿರಾಕ ಸಾಧ್ಯ ಇಲ್ಲ. ದಾಸರ ಬಹಳಷ್ಟು ಪದಗಳಿಗೆ ಮೂಲ ಧಾಟಿ ಉಳದಿಲ್ಲ, ಆಮೇಲಿನ ಗಾಯಕರು ಹೊಸದಾಗಿ ಕೂಡಿಸಿದರು. ಹಂಗಾಗಿ "ದಾಸರು ಈ ರಾಗ ಯಾಕ ಆರಿಸಿಕೊಂಡರು ಗೊತ್ತಾ?" ಅನ್ನೋ ಪೋಸ್ಟ್ ಕಂಡಾಗ ಸ್ವಲ್ಪ ತಡೀರಿ. ಆರಿಸಿಕೊಂಡವರು ಬ್ಯಾರೆ ಯಾರೋ ಇರಬಹುದು, ಅವರಿಗೂ ಒಂದು ಹೆಸರು ಇತ್ತು.

ಕಿವಿಯಿಂದನ ತಾಳೆ ನೋಡಬಹುದಾದ ಕಥೆಗಳೂ ಅದಾವ. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷರ ಬ್ಯಾಂಡಿನ ಧಾಟಿ ಕೇಳಿ ಅದಕ್ಕ ಸಂಸ್ಕೃತ ಸಾಹಿತ್ಯ ಹಾಕಿದರು ಅಂದ್ರ ಗಾಳಿಮಾತು ಅನಸ್ತೈತಿ. ಅವರ ನೊಟ್ಟುಸ್ವರಗಳೊಳಗ ಒಂದನ್ನ ಹಚ್ಚಿ, ಪಕ್ಕಕ್ಕ ಇಂಗ್ಲೆಂಡಿನ ರಾಷ್ಟ್ರಗೀತೆ ಹಚ್ಚಿ ಕೇಳ್ರಿ. ವೋಚರ್ ನಿಮ್ಮ ಇಯರ್‌ಫೋನಿನ್ಯಾಗ ಐತಿ.

ಭಾಗ 3

ಯಾವ ಕ್ವಿಜ್‌ನಾಗ ಕೇಳಿದ್ರೂ ಭಾರತದಲ್ಲಿ ಮೊದಲು ಹಾಡು ರೆಕಾರ್ಡ್ ಮಾಡಿದವರು ಯಾರು ಅಂದ್ರ ಉತ್ತರ ಗೌಹರ್ ಜಾನ್. ನಮ್ಮ ಕಾಲೇಜು ಫೆಸ್ಟಿನ್ಯಾಗೂ ಇದ ಉತ್ತರಕ್ಕ 10 ಮಾರ್ಕ್ಸ್ ಕೊಟ್ಟರು.

ಲಂಡನ್ನಿನ ಗ್ರಾಮೊಫೋನ್ ಕಂಪನಿಯಿಂದ ಫ್ರೆಡ್ ಗೈಸ್‌ಬರ್ಗ್ ಅನ್ನೋ ರೆಕಾರ್ಡಿಂಗ್ ತಜ್ಞ 1902ರಲ್ಲಿ ಕೋಲ್ಕತ್ತಾಕ್ಕ ಬಂದ. ಅವನು ಗೌಹರ್ ಜಾನ್ ಅವರ ಹಾಡು ಮುದ್ರಿಸಿದ್ದು ನವೆಂಬರ್ 11ಕ್ಕ. ಆದ್ರ ಅದಕ್ಕೂ 3 ದಿನ ಮೊದಲು, ನವೆಂಬರ್ 8ಕ್ಕ, ಕೋಲ್ಕತ್ತಾದ ಕ್ಲಾಸಿಕ್ ಥಿಯೇಟರಿನ ಇಬ್ಬರು ಹುಡುಗಿಯರು ಆ ಕಹಳೆಯ ಮುಂದೆ ನಿಂತು ಹಾಡಿದ್ದರು. ಶಶಿಮುಖಿ, ಫಣಿಬಾಲಾ. ಒಬ್ಬಾಕಿಗೆ 14, ಇನ್ನೊಬ್ಬಾಕಿಗೆ 16 ವರ್ಷ ಅಂತ ಗೈಸ್‌ಬರ್ಗ್ ಬರದಿಟ್ಟಾನ. ಅವರ ದನಿ ಬಗ್ಗೆ ಚೊಲೋ ಮಾತು ಬರೀಲಿಲ್ಲ, ಅವನಿಗೆ ಬೇಕಾದದ್ದು ದೊಡ್ಡ ಹೆಸರು. ಆದ್ರ ದಿನಾಂಕ, ಹೆಸರು ಲೆಕ್ಕದ ಪುಸ್ತಕದಾಗ ಉಳದಾವ. ರೆಕಾರ್ಡ್‌ಗಳ ನಂಬರ್ ಹಿಡದು ಪಟ್ಟಿ ಮಾಡೋ ಹುಚ್ಚರು ಇರದಿದ್ರ ಈ ಇಬ್ಬರು ಗೊತ್ತ ಆಗ್ತಿರಲಿಲ್ಲ.

ನಮ್ಮ ವಯಸ್ಸಿಗಿಂತ ಸಣ್ಣವರು. ನಮ್ಮ ಜೂನಿಯರ್ ಪಿಯುಸಿ ಹುಡುಗಿಯರ ವಯಸ್ಸು. 120 ವರ್ಷದ ಹಿಂದ ಯಾರೋ ಪರದೇಶದವನ ಯಂತ್ರದ ಮುಂದ ನಿಂತು, ಅದು ಏನ್ ಮಾಡ್ತೈತಿ ಅಂತ ಸರಿಯಾಗಿ ತಿಳೀದನ, ಹಾಡಿ ಮನಿಗೆ ಹೋದರು. ಅವರ ಜಾಗಾ ನಾವು ಕ್ವಿಜ್ ಉತ್ತರದಾಗ ಅಳಿಸಿಬಿಟ್ಟೀವಿ. ಗೌಹರ್ ಜಾನ್‌ಗೆ ಇದರಿಂದ ಏನೂ ಕಡಿಮಿ ಆಗೋದಿಲ್ಲ. ಅವರು ಈ ದೇಶದ ಮೊದಲ ರೆಕಾರ್ಡಿಂಗ್ ತಾರೆ, ಅದರಾಗ ಎರಡು ಮಾತಿಲ್ಲ. ಹಾಡಿನ ಕಡೀಗೆ ಇಂಗ್ಲಿಷಿನ್ಯಾಗ ಗತ್ತಿನಿಂದ ತಮ್ಮ ಹೆಸರು ಹೇಳ್ತಾರ, ಕೇಳಿದ್ರ ಮೈ ಜುಮ್ ಅಂತೈತಿ. ಆ ಹೊತ್ತಿಗೆ ಮೇಣದ ಮೂಲ ಪ್ರತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಪ್ಲೇಟಾಗಿ ಹಡಗು ಹತ್ತಿ ವಾಪಸ್ ಬರ್ತಿತ್ತು. ಕೋಲ್ಕತ್ತಾದ ಸಿಯಾಲ್ದಾದಾಗ ಕಾರ್ಖಾನೆ ಆದದ್ದು 1908ಕ್ಕ. ಹ್ಯಾನೋವರ್ ಕೆಲಸಗಾರರಿಗೆ ಹಾಡಿದವರು ಯಾರಂತ ತಿಳೀಲಿ ಅಂತ ಹೆಸರು ಹೇಳಿಸ್ತಿದ್ದರು ಅಂತ ಸಾಮಾನ್ಯವಾಗಿ ಕೊಡೋ ವಿವರಣೆ. ಲೇಬಲ್ ಬರಿಯೋ ಮಂದಿಗಾಗಿ ಹೇಳಿದ ಮಾತು ಈಗ ಅವರ ಗುರುತಾಗೈತಿ.

ಗೌಹರ್ ಜಾನ್ ಕಡೇ ದಿನ ಕಳೆದದ್ದು ನಮ್ಮ ರಾಜ್ಯದಾಗ ಅಂತ ಎಷ್ಟು ಮಂದಿಗೆ ಗೊತ್ತೈತಿ? ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಆಸ್ಥಾನಕ್ಕ ಕರಸಿಕೊಂಡರು. 1930ರ ಜನವರಿ 17ಕ್ಕ ಮೈಸೂರಿನಲ್ಲೇ ತೀರಿಕೊಂಡರು. ವಿಕ್ರಂ ಸಂಪತ್ 2010ರಲ್ಲಿ ಅವರ ಜೀವನಚರಿತ್ರೆ ಬರದರು. ಅದಕ್ಕ ಕಿಡಿ ಹತ್ತಿದ್ದು ಮೈಸೂರು ಅರಮನೆಯ ದಾಖಲೆಗಳ ನಡುವೆ ಸಿಕ್ಕ ಗೌಹರ್ ಜಾನ್ ಅವರ ಕಾಗದಪತ್ರದಿಂದ. ಧೂಳು ಹಿಡದ ಕಾಗದ, ನಮ್ಮ ಭಾಷೆಯೊಳಗ ಹೇಳೋದಾದ್ರ ಹಳೇ ವೋಚರ್ ಫೈಲು. ಯಾರೋ ರದ್ದಿಗೆ ಹಾಕಲಿಲ್ಲ, ಅದಕ್ಕ ಉಳೀತು.

ಭಾಗ 4

ಇದು ಉದ್ದ ಐತಿ. ಬಸ್ಸಿನ್ಯಾಗ ಓದ್ರಿ.

ಗಂಗೂಬಾಯಿ ಹಾನಗಲ್ ಅಂದ್ರ ನಮಗೆ ನೆನಪಾಗೋದು ಆ ಗಡಸು, ಅಗಲ, ಗಂಡುದನಿ ಅಂತ ಮಂದಿ ಅನ್ನೋ ದನಿ. ಧಾರವಾಡದಾಗ 1913ರಲ್ಲಿ ಹುಟ್ಟಿ, 2009ರ ತನಕ ಬಾಳಿ, ಹುಬ್ಬಳ್ಯಾಗ ತೀರಿಕೊಂಡರು. ಕಲಿಯೋ ಕಾಲಕ್ಕ ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನ್ಯಾಗ ಹೋಗಿ ಬಂದು ಮಾಡ್ತಿದ್ದರು. ನಾವು ಕಾಲೇಜಿಗೆ ಪಾಸ್ ಮಾಡಿಸಿ ಹೋಗ್ತೀವಲ್ಲ, ಹಂಗ.

ಈಗ ಅವರ 1930ರ ದಶಕದ ಶುರುವಿನ ಪ್ಲೇಟು ಹಚ್ಚಿ ನೋಡ್ರಿ. ಹೆಸರ ಬ್ಯಾರೆ. ಆಗಿನ ಪ್ಲೇಟುಗಳ ಮ್ಯಾಲ ಅವರು ಗಾಂಧಾರಿ. ದನೀನೂ ಬ್ಯಾರೆ. ತೆಳು, ಚೂಪು, ಮ್ಯಾಲಿನ ಶ್ರುತಿ, ಗಿಣಿ ಮಾತಾಡಿದಂಗ. ಗಂಟಲಿನ ತೊಂದರೆಗೆ ಚಿಕಿತ್ಸೆ ಆದ ಮೇಲೆ ದನಿ ಇಳೀತು, ಗಡಸಾತು, ಅದನ್ನ ಇಟ್ಟುಕೊಂಡ ಅವರು ಮತ್ತೊಂದು ಗಾಯನ ಕಟ್ಟಿದರು. ಬ್ಯಾರೆಯವರಾಗಿದ್ರ ಹಾಡೋದು ಬಿಡ್ತಿದ್ದರೇನೋ.

ಈ ಕಥಿಗೆ ವೋಚರ್ ಯಾವುದು? ಆ ಪ್ಲೇಟುಗಳ. ಅವು ಇರದಿದ್ರ "ಮೊದಲು ದನಿ ತೆಳ್ಳಗಿತ್ತಂತ" ಅನ್ನೋ ಒಂದು ಮಾತು ಉಳೀತಿತ್ತು, ತುಪ್ಪದ ಚಮಚದಂಗ. ಪ್ಲೇಟು ಇರೋದ್ರಿಂದ ಆ 20ರ ಆಸುಪಾಸಿನ ಹುಡುಗಿ, ಅಂದ್ರ ನಮ್ಮ ವಯಸ್ಸಿನಾಕಿ, ಇವತ್ತೂ ನಮ್ಮ ಮುಂದ ಹಾಡ್ತಾಳ.

ಇಲ್ಲೆ ನನ್ನ ನಿಜವಾದ ಸಂಕಟ ಶುರು. ಪ್ಲೇಟು ಅನ್ನೋದು ಸಾಕ್ಷಿ ಖರೇ, ಆದ್ರ ಅದನ್ನ ಹಚ್ಚೋದು ಬರಬೇಕು. ಅಪ್‌ಲೋಡ್ ಆಗಿರೋ ಹಳೇ ಹಾಡು ಭಾಳಷ್ಟು ಹೆಂಗ ಆಗ್ಯಾವ ಅಂದ್ರ, ಕೀಲಿ ಕೊಡೋ ಗ್ರಾಮೊಫೋನ್ ಮುಂದ ಫೋನ್ ಇಟ್ಟು ವಿಡಿಯೋ ಮಾಡಿದ್ದು. ಸ್ಪ್ರಿಂಗ್ ಸಡಲಾದಂಗ ಪ್ಲೇಟು ನಿಧಾನ ಆಗ್ತೈತಿ, ಶ್ರುತಿ ಇಳೀತೈತಿ. ವೇಗ ಸುಮಾರು 6 ಪ್ರತಿಶತ ತಪ್ಪಿದ್ರ ಶ್ರುತಿ ಅರ್ಧ ಸ್ವರ ತಪ್ಪತೈತಿ. ಹಾರ್ಮೋನಿಯಂ ಇದ್ದವರಿಗೆ ಹೇಳೋದಾದ್ರ ಬಿಳಿ 1 ಹೋಗಿ ಕರಿ 1 ಆಗ್ತೈತಿ. ನಿಮಿಷಕ್ಕ 78 ಸುತ್ತು ತಿರುಗಬೇಕಾದ ಪ್ಲೇಟು 83 ಸುತ್ತು ತಿರುಗಿದ್ರ ಸಾಕು, ಇಷ್ಟು ಅನಾಹುತ. ಗಾಯಕಿಯ ದನಿ ತೆಳು ಅಂತ ಕಾಮೆಂಟ್ ಬೀಳ್ತಾವ, ತೆಳು ಮಾಡಿದ್ದು ಮೋಟಾರು.

ಇನ್ನೂ ಹಳೇವು, ಕಹಳೆಯ ಕಾಲದವು, ಮತ್ತ ಕಷ್ಟ. 78 ಅನ್ನೋ ಅಂಕಿ ಗಟ್ಟಿ ಆದದ್ದೇ 1920ರ ದಶಕದ ಹೊತ್ತಿಗೆ. ಅದಕ್ಕಿಂತ ಮೊದಲಿನವು ಕೆಲವು 70ರ ಆಸುಪಾಸು, ಕೆಲವು 80ರ ಮ್ಯಾಲ. ಎಲ್ಲಾನೂ 78ಕ್ಕ ಹಚ್ಚಿದ್ರ "ಆ ಕಾಲದ ಹೆಣ್ಣುಮಕ್ಕಳೆಲ್ಲ ಕಿರುಚತಿದ್ದರು", "ಆ ಕಾಲದ ಉಸ್ತಾದರೆಲ್ಲ ಓಡ್ತಿದ್ದರು" ಅನ್ನೋ ಅಭಿಪ್ರಾಯ ಹುಟ್ಟತೈತಿ. ಇದನ್ನ ಬರದವರನ್ನ ನಾನು ನೋಡೀನಿ, ಅದೂ ಭಾಳ ತಿಳದವರಂಗ.

ಓಡ್ತಿದ್ದರು ಅನ್ನೋದಕ್ಕ ಇನ್ನೊಂದು ಕಾರಣ ಐತಿ. 10 ಇಂಚಿನ ಪ್ಲೇಟಿನ ಒಂದು ಬದಿಗೆ ಹಿಡಿಯೋದು ಸುಮಾರು 3 ನಿಮಿಷ. ಒಂದು ತಾಸು ಹಾಡೋ ಖ್ಯಾಲನ್ನ 3 ನಿಮಿಷಕ್ಕ ಇಳಸ್ರಿ ಅಂದ್ರ ಏನ್ ಮಾಡ್ತಾರ? ಆಲಾಪ ಕತ್ತರಸ್ತಾರ, ತಾನು ಗಬಕ್ಕನ ಹಾಕ್ತಾರ, ಮುಗಸ್ತಾರ. ನಾವು 30 ಸೆಕೆಂಡಿನ ರೀಲಿಗೆ ಹೊಂದಿಸಿಕೊಂಡಂಗ ಅವರು ಹೊಂದಿಸಿಕೊಂಡರು. ಪ್ಲೇಟು ನೋಡಿ ಅವರ ಕಚೇರಿ ಹೆಂಗಿತ್ತು ಅಂತ ಹೇಳೋದು, ನಮ್ಮ ರೀಲ್ ನೋಡಿ ನಾವು ದಿನಾ ಹೆಂಗಿರ್ತೀವಿ ಅಂತ ಹೇಳಿದಂಗ.

ಪ್ಲೇಟು ಓದೋದು ಹೆಂಗ ಅಂತ ಕೇಳಿದ್ದರು. ಫೋಟೋ ಸ್ವೈಪ್ ಮಾಡ್ರಿ. ಲೇಬಲ್ ಮ್ಯಾಲ ಅಚ್ಚಾಗಿರೋದು ಕ್ಯಾಟಲಾಗ್ ನಂಬರ್, ಅದು ಮಾರಾಟಕ್ಕ ಕೊಟ್ಟದ್ದು, ನಮ್ಮ ಇನ್‌ವಾಯ್ಸ್ ನಂಬರ್ ಇದ್ದಂಗ. ಲೇಬಲ್ ಸುತ್ತ ಗೆರಿ ಇಲ್ಲದ ನುಣುಪು ಪಟ್ಟಿ ಇರ್ತೈತಲ್ಲ, ಅಲ್ಲೆ ಓರೆಯಾಗಿ ಬೆಳಕು ಹಿಡದು ನೋಡ್ರಿ, ಗೀಚಿದ ಇಲ್ಲಾ ಒತ್ತಿದ ಇನ್ನೊಂದು ನಂಬರ್ ಕಾಣತೈತಿ. ಅದು ಮ್ಯಾಟ್ರಿಕ್ಸ್ ನಂಬರ್, ಮುದ್ರಣ ಆದಾಗ ಕೊಟ್ಟದ್ದು. ಹಾಡನ್ನ 10 ವರ್ಷ ಬಿಟ್ಟು ಹೊಸ ಲೇಬಲ್ ಹಚ್ಚಿ ಮಾರಿದ್ರೂ ಈ ನಂಬರ್ ಸಾಮಾನ್ಯವಾಗಿ ಹಳೇದ ಇರ್ತೈತಿ. ಎರಡೂ ಸಿಕ್ಕರ ವರ್ಷ ಹುಡುಕೋ ದಾರಿ ತೆರೀತೈತಿ. ಲೇಬಲ್ಲಿನ ಬಣ್ಣ, ನಾಯಿ ಚಿತ್ರ ಐತೋ ಇಲ್ಲೋ, ಯಾವ ಊರಿನ ಕಾರ್ಖಾನೆ, ಇವೆಲ್ಲ ಆಮ್ಯಾಲಿನ ಮಾತು.

ಕೆಲವು ಲೇಬಲ್ ಮ್ಯಾಲ ಹೆಸರಿನ ಬಾಜೂಕ "ಅಮೆಚೂರ್" ಅಂತ ಇರ್ತೈತಿ. ಅಂದ್ರ ಇವರು ರೊಕ್ಕಕ್ಕ ಹಾಡೋ ಪೈಕಿ ಅಲ್ಲ, ಮರ್ಯಾದಸ್ಥ ಮನೆತನದವರು ಅಂತ ತೋರಸಾಕ. ಒಂದ ಶಬ್ದದಾಗ ಆ ಕಾಲದ ಸಮಾಜ ಎಲ್ಲಾ ಐತಿ. ಇದನ್ನ ಯಾವ ಕಥಿಯೊಳಗೂ ಹೇಳೋದಿಲ್ಲ, ಲೇಬಲ್ ಹೇಳ್ತೈತಿ.

ಭಾಗ 5

ವೋಚರ್ ಕೇಳಿದ್ರ ಕಥಿ ಎಲ್ಲಾ ಸಾಯ್ತಾವ ಅಂತ ಹೆದರೋರಿಗೆ ಈ ಭಾಗ. ಕೇಳಿದ್ದಕ್ಕ ಬದುಕೋ ಕಥೆಗಳೂ ಅದಾವ.

ಮೈಸೂರಿನ ಮಹಾರಾಜರೊಬ್ಬರು ಲಂಡನ್ನಿನ್ಯಾಗ ಇದ್ದ ಒಬ್ಬ ರಷ್ಯನ್ ಸಂಗೀತಗಾರನ ಹಾಡು ರೆಕಾರ್ಡ್ ಮಾಡಸಾಕ ರೊಕ್ಕ ಕೊಟ್ಟರು ಅಂತ ಯಾರರೆ ಹೇಳಿದ್ರ ನೀವು ನಗ್ತೀರಿ. ವಾಟ್ಸಾಪ್ ಯೂನಿವರ್ಸಿಟಿ ಅಂತೀರಿ. ಇದು ಅಕ್ಷರಶಃ ನಡೆದದ್ದು.

ಸಂಗೀತಗಾರನ ಹೆಸರು ನಿಕೊಲಾಯ್ ಮೆಡ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು, ರಷ್ಯಾ ಬಿಟ್ಟು ಕಡೀಗೆ ಲಂಡನ್ ಸೇರಿದರು. ಚೊಲೋ ಪಿಯಾನೋ ವಾದಕರು, ದೊಡ್ಡ ರಚನಕಾರರು, ಆದ್ರ ಮಾರುಕಟ್ಟೆ ಇರಲಿಲ್ಲ. ಜಯಚಾಮರಾಜ ಒಡೆಯರಿಗೆ ಅವರ ಸಂಗೀತದ ಹುಚ್ಚು. ಒಡೆಯರ ಹಣದಿಂದ ಮೆಡ್ನರ್ ಸೊಸೈಟಿ ಆತು. 1947ರಿಂದ ಕೆಲವು ವರ್ಷ ಎಚ್‌ಎಂವಿ ಕಂಪನಿಗೆ ಮೆಡ್ನರ್ ತಾವೇ ಪಿಯಾನೋ ನುಡಿಸಿ ತಮ್ಮ ಮೂರೂ ಕನ್ಸರ್ಟೋ ಮತ್ತು ಇನ್ನೂ ಎಷ್ಟೋ ರಚನೆ ಮುದ್ರಿಸಿದರು. ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು, 1951ರಲ್ಲಿ ತೀರಿಕೊಂಡರು. ಅಷ್ಟರೊಳಗ ಕೆಲಸ ಆಗಿತ್ತು. ತಮ್ಮ ಮೂರನೇ ಕನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ಮೆಡ್ನರ್ ತಮ್ಮ ಸಂಗೀತ ತಾವು ಹೆಂಗ ನುಡಸ್ತಿದ್ದರು ಅಂತ ಇವತ್ತು ಜಗತ್ತಿನ್ಯಾಗ ಯಾರಿಗರೆ ಗೊತ್ತಾಗಬೇಕಂದ್ರ ಹೆಚ್ಚಾಗಿ ಆ ಪ್ಲೇಟುಗಳನ್ನೇ ಕೇಳಬೇಕು.

ಇನ್ನೊಂದು. ಜರ್ಮನಿಯ ರಿಚರ್ಡ್ ಸ್ಟ್ರೌಸ್ ಕಡೇಗಾಲದಾಗ ಬರದ 4 ಹಾಡುಗಳ ಮೊದಲ ಕಚೇರಿ ಅವರು ತೀರಿದ ಮರುವರ್ಷ, 1950ರ ಮೇ 22ಕ್ಕ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆತು. ಅದಕ್ಕ ಹಣದ ಭರವಸೆ ಕೊಟ್ಟವರೂ ಇದೇ ಒಡೆಯರು. ಅವರಿಗೆ ಹೋಗಾಕ ಆಗಲಿಲ್ಲ, ಹಂಗಾಗಿ ಅವರಿಗೋಸ್ಕರ ಕಚೇರಿ ಮುದ್ರಿಸಿದರು. ಆ ಮುದ್ರಣ ಉಳದೈತಿ. ಸದ್ದು ಗೊರಗೊರ, ದೂರದ ರೇಡಿಯೋ ಕೇಳಿದಂಗ, ಆದ್ರ ಐತಿ. ಅದೇ ಮಹಾರಾಜರು ಶ್ರೀವಿದ್ಯಾ ಅಂಕಿತದಾಗ 94 ಕೃತಿ ರಚಿಸಿದರು ಅನ್ನೋದನ್ನ ಕರ್ನಾಟಕ ಸಂಗೀತ ಕಲಿತವರು ಹೇಳ್ತಾರ.

ದಸರಾ ಬಂದ್ರ ಅಂಬಾರಿಯ ತೂಕ 750 ಕೆಜಿ ಅಂತ 50 ಪೋಸ್ಟ್ ನೋಡ್ತೀನಿ. ಈ ಪ್ಲೇಟುಗಳ ಬಗ್ಗೆ ಒಂದೂ ಇಲ್ಲ. ನನಗ ಅಂಬಾರಿಗಿಂತ ಇವು ದೊಡ್ಡವು ಅನಸ್ತೈತಿ. ಬೈಯೋರು ಬೈರಿ.

ಭಾಗ 6

ಈಗ ನನ್ನ ಗೆಳತಿಯರು ಹೇಳೋ ತಕರಾರು. "ಕಥಿ ಇಲ್ಲಂದ್ರ ನಮ್ಮ ವಯಸ್ಸಿನ ಯಾರು ಶಾಸ್ತ್ರೀಯ ಸಂಗೀತದ ಹತ್ತಿರ ಬರ್ತಾರ? ಆ ತುಪ್ಪದ ರೀಲ್ ನೋಡಿ ಒಬ್ಬರು ಭೀಮಸೇನರ ಹಾಡು ಹಚ್ಚಿದ್ರ ಸಾಲದೇನು?"

ಇದು ಸುಳ್ಳಲ್ಲ. ನಾನೂ ಕಥಿಯಿಂದನ ಬಂದಾಕಿ. ಆದ್ರ ಲೆಕ್ಕ ನೋಡ್ರಿ, ಆ ರೀಲಿನಿಂದ ಯಾರು ಹೊರಗ ಬಿದ್ದರು? ಅಬ್ದುಲ್ ಕರೀಂ ಖಾನರು ಬಿದ್ದರು, ಕುಂದಗೋಳದ ಗುರುಗಳು ಬಿದ್ದರು, ಪ್ಲೇಟು ಹಚ್ಚಿದ ಅಂಗಡಿಯವ ಬಿದ್ದ. ಉಳದದ್ದು ಹಟಮಾರಿ ಹುಡುಗ, ತುಪ್ಪ ಹಾಕದ ಅವ್ವ. ಬಡತನದಾಗ, ತುಂಬಿದ ಮನ್ಯಾಗ ತುಪ್ಪ ಯಾಕ ಕಡಿಮಿ ಬಿತ್ತು ಅಂತ ಯಾರೂ ಕೇಳೋದಿಲ್ಲ, ಆಕೀನ ತಪ್ಪುಗಾರ್ತಿ. ಮೊದಲ ರೆಕಾರ್ಡಿನ ಕ್ವಿಜ್‌ನಾಗ ಶಶಿಮುಖಿ, ಫಣಿಬಾಲಾ ಬಿದ್ದರು. ದಾಸರ ಧಾಟಿಯ ಪೋಸ್ಟಿನ್ಯಾಗ ಧಾಟಿ ಕೂಡಿಸಿದವರು ಬಿದ್ದರು. ರೀಲ್ ಮಾಡೋರಿಗೆ ನನ್ನ ಬೇಡಿಕಿ ಸಣ್ಣದು. "ಹಿಂಗ ಹೇಳ್ತಾರ" ಅಂತ ಎರಡು ಶಬ್ದ ಸೇರಸ್ರಿ. ಯಾರರೆ ಯಾವ ವರ್ಷ, ಯಾವ ಪ್ಲೇಟು ಅಂತ ಕೇಳಿದ್ರ ಕಾಮೆಂಟ್ ಅಳಿಸಬ್ಯಾಡ್ರಿ.

ಮತ್ತ ನಿಮಗ, ಓದ್ತಿರೋ ನಿಮಗ, ಒಂದು ಕೆಲಸ. ದೀಪಾವಳಿ ರಜೆಗೆ ಊರಿಗೆ ಹೋಗ್ತೀರಲ್ಲ. ಅಜ್ಜನ ಮನಿ ಅಟ್ಟದ ಮ್ಯಾಲ, ಹಳೇ ಟ್ರಂಕಿನ್ಯಾಗ, ಕಪ್ಪು ಪ್ಲೇಟು ಅದಾವೇನು ನೋಡ್ರಿ. ನಮ್ಮ ದೇಶದಾಗ 78ರ ಪ್ಲೇಟು 1960ರ ದಶಕದ ತನಕ ಬಂದಾವ, ಬೀಟಲ್ಸ್ ಹಾಡು ಸುದ್ದಾ ಇಲ್ಲೆ 78ರಾಗ ಬಂದಿತ್ತು. ಹಂಗಾಗಿ ಇರೋ ಸಾಧ್ಯತೆ ಭಾಳ ಐತಿ. ಗುಜರಿಯವ ಅವನ್ನ ಕಬ್ಬಿಣದ ಜೋಡಿ ತೂಗೋದಿಲ್ಲ, ಸುಮ್ಮನ ಒಡದು ಹಾಕ್ತಾನ. ಕೆಫೆಯವರು ಗೋಡೆಗೆ ಮೊಳಿ ಹೊಡದು ಗಡಿಯಾರ ಮಾಡ್ತಾರ.

ಸಿಕ್ಕರ ಅವಸರ ಮಾಡಬ್ಯಾಡ್ರಿ. ಅವು ಅರಗಿನಿಂದ ಮಾಡಿದ್ದು, ಕೈಜಾರಿದ್ರ ಹಪ್ಪಳದಂಗ ಒಡೀತಾವ. ಸ್ಪಿರಿಟ್, ಸ್ಯಾನಿಟೈಸರ್ ಹಚ್ಚಿ ಒರಸಬ್ಯಾಡ್ರಿ, ಅರಗು ಕರಗಿ ಹಾಡು ಹೋಗ್ತೈತಿ. ಒಂದರ ಮ್ಯಾಲ ಒಂದು ಮಲಗಿಸದ ಪುಸ್ತಕದಂಗ ನಿಲ್ಲಿಸಿ ಇಡ್ರಿ. ಆನ್‌ಲೈನ್ ತಗೊಂಡ ಸೂಟ್‌ಕೇಸ್ ಪ್ಲೇಯರಿನ ಮುಳ್ಳು ಎಲ್‌ಪಿಗೆ ಅಂತ ಮಾಡಿದ್ದು, 78ರ ಗೆರಿಗೆ ಅದು ಭಾಳ ಸಣ್ಣದು, ತಳಕ್ಕ ಹೋಗಿ ಬರೇ ಗರಗರ ಅಂತೈತಿ. ಅದಕ್ಕ ಮೊದಲು ಹಚ್ಚಾಕ ಹೋಗಬ್ಯಾಡ್ರಿ, ಮೊದಲು ಫೋಟೋ ತಗೀರಿ. ಎರಡೂ ಬದಿ ಲೇಬಲ್, ಆ ನುಣುಪು ಪಟ್ಟಿಯ ನಂಬರ್, ಮತ್ತ ಕಾಗದದ ಕವರ್ ಇದ್ರ ಅದೂ. ಕವರಿನ ಮ್ಯಾಲ ಅಂಗಡಿಯ ಸಿಕ್ಕಾ ಇರ್ತೈತಿ, ಯಾವ ಊರಾಗ ಮಾರಿದ್ದು ಅಂತ ಗೊತ್ತಾಗ್ತೈತಿ. ಅಜ್ಜ ಅಜ್ಜಿ ಇದ್ರ ಇದನ್ನ ಯಾರು ತಂದರು, ಯಾವಾಗ ಹಚ್ತಿದ್ದರು ಅಂತ ಕೇಳಿ ಫೋನಿನ್ಯಾಗ ರೆಕಾರ್ಡ್ ಮಾಡ್ಕೋರಿ. ಅವರು ಹೇಳಿದ್ದರಾಗ ಅರ್ಧ ಸಸ್ಪೆನ್ಸ್ ಅಕೌಂಟಿಗೆ ಹೋದ್ರೂ ನಡೀತೈತಿ.

ಫೋಟೋ ನನಗ ಡಿಎಂ ಮಾಡ್ರಿ. ಗದಗ, ಹುಬ್ಬಳ್ಳಿ, ಧಾರವಾಡ ಕಡೆ ಅಂಗಡಿ ಸಿಕ್ಕಾ ಇರೋ ಅಬ್ದುಲ್ ಕರೀಂ ಖಾನರ ಪ್ಲೇಟು ಯಾರರೆ ಕಳಿಸಿದ್ರ ಕ್ಯಾಂಟೀನಿನ್ಯಾಗ ಗಿರಮಿಟ್ಟು ನಂದು. ಇಂಟರ್ನಲ್ಸ್ ಮುಗದ ಮ್ಯಾಲ ಬಂದ ಫೋಟೋ ಎಲ್ಲಾ ನಂಬರ್ ಸಮೇತ ಭಾಗ 7ಕ್ಕ ಹಾಕ್ತೀನಿ.

#ಹಳೇಪ್ಲೇಟು #ವೋಚರ್‌ಎಲ್ಲೆ #ಬಿಕಾಂಹುಡುಗಿಯಕಿವಿ